ಪಾಲು ಹಂಚಿಕೊಂಡ ಮೇಲೆ ತಂಗಿಯಾದಳು

ಸಂಪಾದಕರಿಗೆ ನಮಸ್ಕಾರ.

ಎರಡನೇ ಸಂಬಂಧದ ಮಕ್ಕಳಿಗೂ ಆಸ್ತಿ ಕೊಡಿ ಅಂತ ಕೋರ್ಟು ಹೇಳಿದ್ದರಿಂದ ಮನೆಗಳು ಒಡೆಯುತ್ತಿವೆ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ನಮ್ಮ ಮನೆಯಲ್ಲಿ ಆಗಿದ್ದು ಬೇರೆಯೇ.

ನಮ್ಮ ಅಪ್ಪ ಬಸ್ ಡ್ರೈವರ್. ನೈಟ್ ಹಾಲ್ಟ್ ಮಾಡುತ್ತಿದ್ದ ಊರಿನಲ್ಲಿ ಅವರಿಗೆ ಇನ್ನೊಂದು ಸಂಸಾರ ಇತ್ತು. ಊರಿಗೆಲ್ಲ ಗೊತ್ತು, ನಮ್ಮ ಮನೆಯಲ್ಲಿ ಮಾತ್ರ ಯಾರೂ ಬಾಯಿ ಬಿಡುವಂತಿರಲಿಲ್ಲ. ಅಲ್ಲಿ ಒಬ್ಬಳು ಮಗಳು, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳ ಮುಖ ನಾನು ಸರಿಯಾಗಿ ನೋಡಿದ್ದು ಅಪ್ಪನ ತಿಥಿಯ ದಿನ, ಶಾಮಿಯಾನದ ಆಚೆ ತುದಿಯಲ್ಲಿ.

ತಿಪಟೂರಿನ ಹತ್ತಿರ ಅಪ್ಪ ಸಂಬಳ ಉಳಿಸಿ ಕೊಂಡ ತೆಂಗಿನ ತೋಟ ಇದೆ. ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕಲ್ಲ. ಅದರಲ್ಲಿ ಅವಳ ಹೆಸರು ಬಿಟ್ಟುಬಿಡು, ಕೇಳೋರು ಯಾರು ಅಂದರು ಸೋದರಮಾವ. ನಾನು ಪರಿಚಯದ ವಕೀಲರನ್ನು ಕೇಳಿದೆ. ಮದುವೆ ಊರ್ಜಿತ ಅಲ್ಲದಿದ್ದರೂ ಮಕ್ಕಳು ಮಕ್ಕಳೇ, 1955ರ ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ನೋಡಿ ಅಂದರು. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಹೇಳಿದ್ದು ಅದರ ಮುಂದಿನ ಮಾತು: ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗೆ ಏನು ಬರುತ್ತದೋ ಅದರಲ್ಲೂ ಅವರಿಗೆ ಹಕ್ಕಿದೆ. ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಕೇಸು, ನಮ್ಮ ಕರ್ನಾಟಕದ್ದೇ. ನಮ್ಮದಂತೂ ಸ್ವಯಾರ್ಜಿತ. ಅಮ್ಮ, ನಾನು, ಅವಳು, ಮೂರು ಸಮಪಾಲು. ಅವಳ ತಾಯಿಗೆ ಮಾತ್ರ ಹೆಂಡತಿ ಅನ್ನುವ ಲೆಕ್ಕದಲ್ಲಿ ಏನೂ ಇಲ್ಲ. ಅಷ್ಟು ವರ್ಷ ಸಂಸಾರ ಮಾಡಿದವರಿಗೆ ಬಿಡಿಗಾಸೂ ಇಲ್ಲ ಅಂದರೆ ಹೇಗೆ? ಇರಲಿ, ಅದು ಬೇರೆ ಪತ್ರಕ್ಕೆ.

ಹೆಸರು ಸೇರಿಸಿದೆ. ಮಾವ ಮಾತು ಬಿಟ್ಟರು. ಸಹಿಗೆ ಅಂತ ಅವಳು ಗಂಡನನ್ನು ಕರೆದುಕೊಂಡು ನಾಡಕಚೇರಿಗೆ ಬಂದಳು. ಖಾಲಿ ಪೇಪರ್ ಮೇಲೆ ಸೈನ್ ಹಾಕಿಸಿಕೊಳ್ಳುತ್ತಾರೆ ಹುಷಾರು ಅಂತ ಯಾರೋ ಹೇಳಿ ಕಳಿಸಿದ್ದರಂತೆ. ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದಳು. ನನ್ನನ್ನು 'ಮೇಡಂ' ಅಂದಳು.

ಅಪ್ಪ ಕೆಡವಿಸಿದ್ದ ಕಾಯಿ ಇನ್ನೂ ಅಟ್ಟದ ಮೇಲಿತ್ತು. ಒಡೆಯುವ ದಿನ ನೀನೇ ಬಂದು ತೂಕ ನೋಡಿಕೋ, ಆಮೇಲೆ ಮಾತು ಬರುವುದು ಬೇಡ ಅಂತ ಫೋನ್ ಮಾಡಿದೆ. ಪ್ರೀತಿಯಿಂದೇನೂ ಕರೆದಿದ್ದಲ್ಲ. ಬಂದಳು. ಸುಮ್ನೆ ಕೂರದೆ ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಲೊಟಲೊಟ ಅಂದರೆ ಉಂಡೆ ಕರಟ ಬಿಟ್ಟಿದೆ ಅಂತ ಲೆಕ್ಕ. ಇದು ನಿನಗೆ ಹೇಗೆ ಗೊತ್ತು ಅಂದೆ. ಅಪ್ಪ ವರ್ಷಾವರ್ಷ ಅವರ ಮನೆಗೂ ಒಂದು ಚೀಲ ಒಯ್ಯುತ್ತಿದ್ದರಂತೆ. ಅವಳನ್ನೂ 'ಪುಟ್ಟೀ' ಅಂತಲೇ ಕರೆಯುತ್ತಿದ್ದರಂತೆ. ನನ್ನನ್ನೂ ಹಾಗೇ ಕರೆಯುತ್ತಿದ್ದರು. ಬಾಯಿ ತಪ್ಪಿ ಸಿಕ್ಕಿಬೀಳಬಾರದು ಅಂತ ಒಂದೇ ಹೆಸರು ಇಟ್ಟುಕೊಂಡಿದ್ದರೇನೋ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಕರಟ ಒಡೆಯುತ್ತಿದ್ದ ಆಳುಗಳು ನಮ್ಮನ್ನೇ ನೋಡುತ್ತಿದ್ದರು.

ದಿನ ಬೆಳಗಾದರೆ ಫೋನು ಅಂತೇನಿಲ್ಲ. ಅಮ್ಮನಿಗೆ ಅವಳು ಮನೆಗೆ ಬರುವುದು ಈಗಲೂ ಇಷ್ಟವಿಲ್ಲ. ಅಮ್ಮನ ನೋವು ಅಮ್ಮನದು, ನಾನು ಒತ್ತಾಯ ಮಾಡಿಲ್ಲ. ತೋಟದಲ್ಲೇ ಸಿಗುತ್ತೇವೆ. ತಾಯಂದಿರ ವಿಷಯ ಇಬ್ಬರೂ ಎತ್ತುವುದಿಲ್ಲ. ಹೋದ ಸಲ ಕೊಬ್ಬರಿ ಹರಾಜಿಗೆ ಹಾಕೋಣವಾ, ರೇಟು ಏರುವವರೆಗೆ ಕಾಯೋಣವಾ ಅಂತ ಜೋರು ಜಗಳವೇ ಆಯಿತು. ಎರಡು ವಾರ ಮುನಿಸಿಕೊಂಡು, 'ಅಕ್ಕಾ, ರೇಟು ನೋಡಿದ್ಯಾ' ಅಂತ ಅವಳೇ ಫೋನ್ ಮಾಡಿದಳು. ನಮಗೆ ಅಣ್ಣತಮ್ಮಂದಿರಿಲ್ಲ, ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಕೊಡುವವರು ಯಾರು? ಈಗ ಅವಳಿಗೆ ನಾನು ಕೊಡುತ್ತೇನೆ, ನನಗೆ ಅವಳು.

ಮೊದಲು ಪ್ರೀತಿ ಬರಲಿ, ಆಮೇಲೆ ಪಾಲಿನ ಮಾತು ಅನ್ನುವ ಹಿರಿಯರೇ ಜಾಸ್ತಿ. ಲೆಕ್ಕ ಬಾಕಿ ಇರುವ ತನಕ ಯಾರು ಯಾರನ್ನು ನಂಬುತ್ತಾರೆ? ಅವಳ ಹೆಸರು ಬಿಟ್ಟು ಖಾತೆ ಮಾಡಿಸಿದ್ದರೆ ಇಷ್ಟು ಹೊತ್ತಿಗೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟು, ಸಿವಿಲ್ ಕೋರ್ಟು ಅಂತ ಇಬ್ಬರೂ ಅಲೆಯುತ್ತಿದ್ದೆವು. ಹಾಗಾಗಿ ಕಂದಾಯ ಇಲಾಖೆಗೆ ನನ್ನದೊಂದು ಕೋರಿಕೆ. ವಂಶವೃಕ್ಷಕ್ಕೆ ಮಹಜರು ಮಾಡುವಾಗ, ಇನ್ನೊಂದು ಮನೆ ಇದೆಯಾ ಅಂತ ಅಕ್ಕಪಕ್ಕದವರನ್ನು ಬಾಯಿ ಬಿಟ್ಟು ಕೇಳಿ. ಇದ್ದರೆ ಆ ಮನೆಗೂ ಒಂದು ನೋಟಿಸ್ ಕಳಿಸಿ.

– ಓದುಗಿ, ತಿಪಟೂರು ತಾಲ್ಲೂಕು
(ಅಮ್ಮ ದಿನಾ ಪೇಪರ್ ಓದುತ್ತಾರೆ, ದಯವಿಟ್ಟು ಹೆಸರು ಹಾಕಬೇಡಿ)