ನಿನ್ನವ್ವ ನಿನಗೆ ಹೇಳದ ಸಂಗತಿ

ದೋಸ್ತ,

ಲಾಕ್‌ಡೌನಿನಲ್ಲಿ ಅವ್ವನನ್ನು ಯಾರು ನೋಡಿಕೊಂಡರು ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. ನಾನು ಸುಮ್ನೆ ‘ಓಣಿಯವರು’ ಅಂದುಬಿಟ್ಟೆ. ಇಂಥದ್ದು ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ.

2020ರ ಮಾರ್ಚ್ 25ಕ್ಕೆ ಎಲ್ಲ ಬಂದ್ ಆಯಿತು, ನೀನು ಪುಣೆಯಲ್ಲಿ ಸಿಕ್ಕಿಕೊಂಡೆ. ಇಲ್ಲಿ ಗುಳೇದಗುಡ್ಡದಲ್ಲಿ ನೂಲು ಬರುವುದು ನಿಂತಿತು, ನೇಯ್ದ ಖಣ, ಅಂದರೆ ಕುಪ್ಪಸದ ಬಟ್ಟೆ, ಹೋಗುವುದೂ ನಿಂತಿತು. ಮಗ್ಗದ ಸಪ್ಪಳವಿಲ್ಲದ ಮಧ್ಯಾಹ್ನವನ್ನು ನಮ್ಮ ಓಣಿಯಲ್ಲಿ ನಾನು ಅವತ್ತೇ ಕಂಡಿದ್ದು. ಮಗ್ಗ ನಿಂತರೆ ಕಂಡಿಕೆಗೆ ನೂಲು ಸುತ್ತಿಕೊಡುವ ಮುದುಕಿಯರ ಕೂಲಿಯೂ ನಿಂತ ಹಾಗೆ. ನಿನ್ನವ್ವನದೂ.

ರೇಷನ್ ಅಕ್ಕಿ ಬಂತು, ಕೇಂದ್ರದ್ದು ತಲೆಗೆ 5 ಕೆಜಿ ಪುಕ್ಕಟೆ. ಆದರೆ ನಮ್ಮ ಮುದುಕರಿಗೆ ಅನ್ನ ಅಂದರೆ ಜ್ವರ ಬಂದಾಗ ಉಣ್ಣುವುದು, ಅಲ್ವಾ? ಮನೆಗೆ ನಾಲ್ಕರಂತೆ ಕಡಕ್ ರೊಟ್ಟಿ ಕೂಡಿಸಿದೆವು. ಹಿಂದಿನ ವರ್ಷ ಮಲಪ್ರಭಾ ಉಕ್ಕಿದಾಗ ಕಳಿಸಿದ್ದೆವಲ್ಲ, ಹಾಗೇ.

ಕಷ್ಟ ಆಗಿದ್ದು ಗುಳಿಗೆಯದು. ಡಾಕ್ಟರ್ ಚೀಟಿ ಕಳೆದಿರುತ್ತದೆ, ಹೆಸರು ಗೊತ್ತಿಲ್ಲ. ‘ಬಿಳೇದು, ಸಣ್ಣದು’ ಅನ್ನುತ್ತಾರೆ. ಬಿಳಿ ಸಣ್ಣ ಗುಳಿಗೆ ಅಂಗಡಿ ತುಂಬ ಇವೆ! ಕೊನೆಗೆ ಖಾಲಿ ಸ್ಟ್ರಿಪ್ಪನ್ನೇ ಕಿಟಕಿಯಲ್ಲಿಡಿ ಅಂದೆವು. ಮೇಲೆ ಪೆನ್ನಿನಿಂದ ಮನೆ ನಂಬರ್ ಬರೆದು ಒಯ್ಯುವುದು. ಒಮ್ಮೆ ನನ್ನದೇ ಅಕ್ಷರ, 1 ಅನ್ನು 7 ಅಂತ ಓದಿ, ಯಾರದೋ ಶುಗರ್ ಗುಳಿಗೆಯನ್ನು ಅವ್ವನಿಗೆ ಕೊಟ್ಟುಬಂದೆ. ಪುಣ್ಯಕ್ಕೆ ನುಂಗಲಿಲ್ಲ. ‘ನನ್ನ ಗುಳಿಗಿ ಇಷ್ಟ್ ದೊಡ್ಡದು ಇರಂಗಿಲ್ಲೋ, ನಿನ್ನ ಕಣ್ಣು ತೋರಿಸ್ಕೋ ಹೋಗು’ ಅಂತ ಬಾಗಿಲಿಂದಲೇ ಬೈದಳು.

ಮುದುಕರ ಸರ್ಕಾರಿ ಪಿಂಚಣಿ, ಸಂಧ್ಯಾ ಸುರಕ್ಷಾ, ಆಗ ತಿಂಗಳಿಗೆ 1,000 ರೂಪಾಯಿ. ಪೋಸ್ಟಿನವರು ಮಷೀನು ಹಿಡಿದು ಓಣಿಗೇ ಬಂದರು. ಅವ್ವನ ಹೆಬ್ಬೆಟ್ಟು ಮೂಡಲೇ ಇಲ್ಲ. ವರ್ಷಗಟ್ಟಲೆ ಎಳೆ ಹಿಡಿದ ಬೆರಳು, ಗೆರೆಗಳೆಲ್ಲ ಸವೆದಿವೆ. ಸೆರಗಿನಿಂದ ಒರೆಸಿ ಒರೆಸಿ ಒತ್ತಿದಳು. ಐದನೇ ಸಲಕ್ಕೆ ತೋರುಬೆರಳು ಹಿಡಿಯಿತು. ದುಡ್ಡು ಬಂದ ಕೂಡಲೇ ರೊಟ್ಟಿ ಹಿಟ್ಟಿಗೆ ಅಂತ ನೂರು ರೂಪಾಯಿ ನನ್ನ ಕೈಗೆ ತುರುಕಿದಳು. ಬೇಡ ಅಂದರೆ ನಾಳೆಯಿಂದ ರೊಟ್ಟಿ ಮುಟ್ಟುವುದಿಲ್ಲ ಅಂದಳು. ಆಗ ನನಗೆ ಸ್ವಲ್ಪ ನಾಚಿಕೆಯಾಯಿತು ಕಣೋ. ಮುದುಕರಿಗೆ ಕೊಡುವುದನ್ನಷ್ಟೇ ಯೋಚಿಸಿದ್ದೆವು, ಅವರನ್ನು ಏನೂ ಕೇಳಿರಲಿಲ್ಲ. ಮರುದಿನದಿಂದ ಹಿಟ್ಟನ್ನೇ ಆಕೆಗೆ ಕೊಟ್ಟೆವು. ನಾಲ್ಕು ಮನೆಯ ರೊಟ್ಟಿ ಬಡಿಯುವುದು ಅವಳ ಪಾಲು. ನನ್ನ ಹೆಂಡತಿಯ ರೊಟ್ಟಿಗಿಂತ ತೆಳುವಾಗಿರುತ್ತಿತ್ತು. (ಇದನ್ನು ಅವಳಿಗೆ ಹೇಳಬೇಡ.)

ಮೆಡಿಕಲ್ ಅಂಗಡಿ ಈಗ ಅವ್ವನ ಮನೆಯ ಮೂಲೆಯಲ್ಲೇ ಇದೆ. ಆದರೂ ತಿಂಗಳಾಯಿತೆಂದರೆ ಖಾಲಿ ಸ್ಟ್ರಿಪ್ ಅದೇ ಕಿಟಕಿಯಲ್ಲಿರುತ್ತದೆ. ನಾನೂ ಏನೂ ಅನ್ನುವುದಿಲ್ಲ, ತಂದುಕೊಡುತ್ತೇನೆ.

ನಿನ್ನ ದೋಸ್ತ