ಒಂದು ಗೇಣು ಬದು

ಮಾನ್ಯರೇ,

ಶುಭ ಶುಕ್ರವಾರ, ಬಳ್ಳಾರಿಯ ಬಿಸಿಲಿನಲ್ಲಿ ಮಧ್ಯಾಹ್ನದ ಆರಾಧನೆಗೆ ಕುಳಿತಿದ್ದೆ. ಶಿಲುಬೆಗೆ ಜಡಿದವರನ್ನೇ ಕ್ಷಮಿಸೆಂದು ಯೇಸು ತಂದೆಯನ್ನು ಬೇಡಿದ ಭಾಗವನ್ನು ಓದುತ್ತಿದ್ದಾಗ ನನ್ನ ಕಣ್ಣು ಎರಡು ಸಾಲು ಮುಂದಿದ್ದ ಅಣ್ಣನ ಬೆವರಿದ ಬೆನ್ನಿನ ಮೇಲಿತ್ತು. ಹೊಲದ ಬದುವಿನ ಜಗಳಕ್ಕೆ ಮಾತು ಬಿಟ್ಟು ಆರು ವರ್ಷ. ತಪ್ಪು ಅವನದೇ, ಇಂದಿಗೂ ನನ್ನ ವಾದ ಅದೇ! 1999ರಲ್ಲಿ ಒಡಿಶಾದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀವಂತ ಸುಟ್ಟವರನ್ನು ಆಸ್ಟ್ರೇಲಿಯಾದಿಂದ ಬಂದಿದ್ದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು, ಕುಷ್ಠರೋಗಿಗಳ ಸೇವೆಯನ್ನೂ ಬಿಡಲಿಲ್ಲ. ಯೇಸುವಿನ ಪಕ್ಕದ ಶಿಲುಬೆಯ ಕಳ್ಳನಿಗೂ ಕೊನೆಗಳಿಗೆಯಲ್ಲಿ ರಕ್ಷಣೆ ದೊರೆಯಿತು, ಅವನ ಬಳಿ ಲೆಕ್ಕ ಒಪ್ಪಿಸಲು ಒಂದು ಪುಣ್ಯವೂ ಇರಲಿಲ್ಲ. ನಾನೋ ಗೇಣುದ್ದ ಮಣ್ಣಿನ ಲೆಕ್ಕ ಹಿಡಿದು ಕುಳಿತವನು. ಹೊರಗೆ ಬಂದಾಗ ಚಪ್ಪಲಿಗಳ ರಾಶಿಯಲ್ಲಿ ಅಣ್ಣನ ಜೋಡನ್ನು ಹುಡುಕಿ ಮುಂದಿಟ್ಟೆ. ಮುಖ ನೋಡದೆಯೇ, "ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗು" ಎಂದ.

– ಓದುಗ, ಬಳ್ಳಾರಿ