ಲಾಗ್ ಓದಲು ಬಾರದ ಡೇಟಾ ಸೈಂಟಿಸ್ಟ್ ಯಾರಿಗೆ ಬೇಕು?

ಸಂಪಾದಕರೇ,

ಸರ್ಕಾರಿ ಸೈಬರ್ ಭದ್ರತಾ ವಿಭಾಗಗಳಿಗೆ ಕಿರಿಯ ಡೇಟಾ ಸೈಂಟಿಸ್ಟ್‌ಗಳನ್ನು ಕರೆಯುವ ಜಾಹೀರಾತುಗಳಲ್ಲಿ ಡೀಪ್ ಲರ್ನಿಂಗ್, ನ್ಯೂರಲ್ ನೆಟ್‌ವರ್ಕ್, ‘ಹೆಚ್ಚಿನ ನಿಖರತೆಯ ಮಾಡೆಲ್ ಕಟ್ಟಿದ ಅನುಭವ’ ಎಂಬ ಮಾತುಗಳು ಎದ್ದು ಕಾಣುತ್ತವೆ. ಕೆಲಸಕ್ಕೆ ಸೇರಿದವರ ದಿನ ಕಳೆಯುವುದು ಮಾತ್ರ ಲಾಗ್ (ಯಂತ್ರಗಳು ತಮ್ಮಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ) ಓದುವುದರಲ್ಲಿ, ಎಣಿಸುವುದರಲ್ಲಿ, ಎಣಿಕೆ ಯಾಕೆ ತಾಳೆಯಾಗುತ್ತಿಲ್ಲ ಎಂದು ಹುಡುಕುವುದರಲ್ಲಿ. ಆಯ್ಕೆ ಮಾಡುವವರು ಒಂದನ್ನು ಕೇಳಿ, ಕೆಲಸ ಇನ್ನೊಂದನ್ನು ಬೇಡುವುದರಿಂದ ಆಗುವ ನಷ್ಟ ಸಣ್ಣದಲ್ಲ. ಅದಕ್ಕೇ ಈ ಪತ್ರ.

ಮೊದಲು ‘ಶೇ 99 ನಿಖರತೆ’ಯ ಲೆಕ್ಕ. ಒಂದು ಇಲಾಖೆಯ ಜಾಲದಲ್ಲಿ ದಿನಕ್ಕೆ 1 ಕೋಟಿ ಘಟನೆಗಳು ದಾಖಲಾಗುತ್ತವೆ, ಅವುಗಳಲ್ಲಿ ನಿಜವಾದ ದಾಳಿಗೆ ಸೇರಿದವು 20 ಎಂದಿಟ್ಟುಕೊಳ್ಳಿ. ಮಾಡೆಲ್ ದಾಳಿಗಳಲ್ಲಿ ಶೇ 99ನ್ನು ಹಿಡಿಯುತ್ತದೆ, ಸಾಮಾನ್ಯ ಘಟನೆಗಳಲ್ಲಿ ಶೇ 1ಕ್ಕೆ ಮಾತ್ರ ಸುಳ್ಳು ಕೂಗು ಹಾಕುತ್ತದೆ. ಆ ಶೇ 1 ಅಂದರೆ ದಿನಕ್ಕೆ 1 ಲಕ್ಷ ಅಲರ್ಟ್. ಸುಮಾರು 5,000ಕ್ಕೆ ಒಂದು ನಿಜ. ಒಂದು ಅಲರ್ಟ್ ನೋಡಲು 10 ನಿಮಿಷವಾದರೆ, 8 ಗಂಟೆಯ ಶಿಫ್ಟಿನಲ್ಲಿ ಒಬ್ಬ ಅನಲಿಸ್ಟ್ 48 ಮುಗಿಸಿಯಾರು. ಲಕ್ಷ ಮುಗಿಸಲು ಎರಡು ಸಾವಿರಕ್ಕೂ ಹೆಚ್ಚು ಮಂದಿ ಬೇಕು. ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ. ಇನ್ನು ‘ಎಲ್ಲವೂ ಸರಿಯಿದೆ’ ಎಂದಷ್ಟೇ ಹೇಳುವ, ಏನನ್ನೂ ನೋಡದ ಪ್ರೋಗ್ರಾಂ ಬರೆದರೆ ಅದರ ನಿಖರತೆ ಶೇ 99.9998! ಅಲರ್ಟ್‌ಗಳಲ್ಲಿ ಅರ್ಧವಾದರೂ ನಿಜ ಇರಬೇಕೆಂದರೆ ಸುಳ್ಳು ಕೂಗು 10 ಲಕ್ಷಕ್ಕೆ 2ರಷ್ಟಕ್ಕೆ ಇಳಿಯಬೇಕು. ಸಂಶೋಧಕ ಸ್ಟೆಫಾನ್ ಆಕ್ಸೆಲ್ಸನ್ 1999ರಲ್ಲೇ ಈ ಲೆಕ್ಕವನ್ನು ಬಿಡಿಸಿಟ್ಟಿದ್ದಾರೆ. ಆದರೂ ಪ್ರಾತ್ಯಕ್ಷಿಕೆಗಳಲ್ಲಿ ಇಂದಿಗೂ ಚಪ್ಪಾಳೆ ಬೀಳುವುದು ಶೇ 99ಕ್ಕೆ.

ಆದ್ದರಿಂದ ಹೊಸಬರು ಲೆಕ್ಕವನ್ನು ಹಿಂದಿನಿಂದ ಹಾಕುವುದು ಕಲಿಯಬೇಕು. ತಂಡದಲ್ಲಿ ಎಷ್ಟು ಅನಲಿಸ್ಟ್‌ಗಳಿದ್ದಾರೆ, ಈಗಿರುವ ಅಲರ್ಟ್‌ಗಳಿಗೇ ಎಷ್ಟು ಹೊತ್ತು ಹೋಗುತ್ತಿದೆ, ಹೊಸ ಮಾಡೆಲ್‌ಗೆ ದಿನಕ್ಕೆ ಎಷ್ಟು ಅಲರ್ಟ್‌ಗಳ ಜಾಗ ಉಳಿದಿದೆ? 20 ಎಂದಾದರೆ, ಮಾಡೆಲ್ ಕೊಟ್ಟ ಅಂಕಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ 20ರಲ್ಲಿ ನಿಜ ಎಷ್ಟು ಎಂದು ನೋಡಬೇಕು. ಬೇರೆ ಅಳತೆಗಳೆಲ್ಲ ಆಮೇಲೆ.

ಕಾಲೇಜಿನಲ್ಲಿ ಕಲಿತು ಬಂದವರಿಗೆ ಇದು ಒಗ್ಗದಿರಲು ಕಾರಣವಿದೆ. ಕಲಿಕೆಯ ಪ್ರಾಜೆಕ್ಟ್‌ಗಳು ಇನ್ನೂ ಕೆಡಿಡಿ ಕಪ್ 99 ದತ್ತಾಂಶದ ಸುತ್ತಲೇ ಗಿರಕಿ ಹೊಡೆಯುತ್ತವೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾಗಾಗಿ ಲಿಂಕನ್ ಲ್ಯಾಬೊರೇಟರಿ 1998ರಲ್ಲಿ ಕೃತಕವಾಗಿ ಹುಟ್ಟಿಸಿದ ಟ್ರಾಫಿಕ್‌ನಿಂದ ತೆಗೆದ ದತ್ತಾಂಶ ಅದು. 2009ರಲ್ಲಿ ಪರಿಶೀಲಿಸಿದವರಿಗೆ ತರಬೇತಿ ಭಾಗದಲ್ಲಿ ಶೇ 78ರಷ್ಟು ಸಾಲುಗಳು ನಕಲು ಎಂದು ಕಂಡಿತು. ಅದೇ ಲ್ಯಾಬ್ ಮರುವರ್ಷ ಹೊರತಂದ ದತ್ತಾಂಶದ ಕಥೆ ಇನ್ನೂ ಮಜವಾಗಿದೆ. ಜಾಲದಲ್ಲಿ ಹೋಗುವ ಪ್ರತಿ ಪ್ಯಾಕೆಟ್‌ಗೂ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ, ದಾರಿಯಲ್ಲಿ ಒಂದೊಂದು ರೂಟರ್ ದಾಟಿದಾಗಲೂ ಅದು ಒಂದು ಕಡಿಮೆಯಾಗುತ್ತದೆ. ಅಲ್ಲಿ ಸಾಮಾನ್ಯ ಪ್ಯಾಕೆಟ್‌ಗಳಲ್ಲಿ ಹೆಚ್ಚಿನವಕ್ಕೆ ಅದು 127 ಅಥವಾ 254. ದಾಳಿಯವಕ್ಕೆ 126 ಅಥವಾ 253. ದಾಳಿಯನ್ನು ಬೇರೆ ಯಂತ್ರದಿಂದ ಹಾಯಿಸಿದ್ದರ ಗುರುತು ಅದು, ಅಷ್ಟೆ. ಮಾಡೆಲ್ ಆ ಒಂದು ಅಂಕಿಯನ್ನು ಕಂಠಪಾಠ ಮಾಡಿಕೊಂಡು ಪಾಸಾಗುತ್ತದೆ. ನಿಜವಾದ ಜಾಲದಲ್ಲಿ ಆ ಪಾಠಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಹಾಗಾದರೆ ಕೆಲಸ ಎಲ್ಲಿಂದ ಶುರು? ಲಾಗ್ ಬರುತ್ತಿದೆಯೇ ಎಂದು ನೋಡುವುದರಿಂದ. ಒಂದು ಫೈರ್‌ವಾಲ್‌ನ ಲಾಗ್ ಕಳಿಸುವ ಸೇವೆ ಮಧ್ಯರಾತ್ರಿ ನಿಂತುಹೋದರೆ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇರುತ್ತದೆ, ಏಕೆಂದರೆ ಲಾಗ್ ಇಲ್ಲದ ಕಡೆ ಅಲರ್ಟ್ ಇರುವುದಿಲ್ಲ. ಪ್ರತಿ ಮೂಲದಿಂದ ಪ್ರತಿ ಗಂಟೆ ಬಂದ ಸಾಲುಗಳ ಎಣಿಕೆ ತೆಗೆದು, ಹಿಂದಿನ ನಾಲ್ಕು ವಾರಗಳ ಅದೇ ವಾರದ ದಿನ, ಅದೇ ಗಂಟೆಯ ಮಧ್ಯಾಂಕಕ್ಕೆ ಹೋಲಿಸುವ ಒಂದು ಪಟ್ಟಿ ಸಾಕು. ದತ್ತಾಂಶವನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ನಾಲ್ಕು ಸಾಲು. ಹೊಸಬರ ಮೊದಲ ವಾರಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ವಿಂಡೋಸ್‌ನಲ್ಲಿ 1102 ಎಂಬ ಘಟನೆ ಕಂಡರಂತೂ ಕೈಯಲ್ಲಿದ್ದುದನ್ನು ಬದಿಗಿಡಬೇಕು: ಯಾರೋ ಭದ್ರತಾ ಲಾಗ್ ಅನ್ನೇ ಅಳಿಸಿದ್ದಾರೆ ಎಂದರ್ಥ.

ಎರಡನೆಯದು ಸಮಯ. ಸಿಸ್‌ಲಾಗ್ ಎಂಬ ಲಾಗ್ ಮಾದರಿಯ ಹಳೆಯ ರೂಪದ ಸಾಲಿನಲ್ಲಿ ತಿಂಗಳು, ದಿನ, ಗಂಟೆ ಇರುತ್ತವೆ. ವರ್ಷವಿಲ್ಲ, ಯಾವ ಕಾಲವಲಯ ಎಂಬುದೂ ಇಲ್ಲ. ಡಿಸೆಂಬರ್ 31ರ ಸಾಲುಗಳನ್ನು ಜನವರಿ 2ರಂದು ಓದಿಸಿದರೆ ಪ್ರೋಗ್ರಾಂ ಚಾಲ್ತಿ ವರ್ಷವನ್ನೇ ಅಂಟಿಸಿ ಅವನ್ನು ಹನ್ನೆರಡು ತಿಂಗಳು ಮುಂದಕ್ಕೆ ತಳ್ಳುತ್ತದೆ. ವಿಂಡೋಸ್ ತನ್ನೊಳಗೆ 1601ರ ಜನವರಿ 1ರಿಂದ 100 ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ ಎಣಿಸಿದರೆ, ಯುನಿಕ್ಸ್ 1970ರಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ. ಎಲ್ಲವನ್ನೂ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗೆ ತಂದು, ಮೂಲ ಸಮಯ ಮತ್ತು ಲಾಗ್ ನಮ್ಮ ಕೈಸೇರಿದ ಸಮಯ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಬೇಕು. ಎರಡರ ನಡುವಿನ ಅಂತರ ಸರಿಯಾಗಿ ಒಂದು ಗಂಟೆ ಎಂದು ಬಂದರೆ ಅದು ದಾಳಿಯಲ್ಲ, ಗಡಿಯಾರ ತಪ್ಪಿಟ್ಟ ಸರ್ವರ್.

ಐಪಿ ವಿಳಾಸವನ್ನು ಮನುಷ್ಯ ಎಂದು ತಿಳಿಯುವುದು ಮೂರನೆಯ ಎಡವಟ್ಟು. ಬೆಳಿಗ್ಗೆ ಒಬ್ಬರ ಲ್ಯಾಪ್‌ಟಾಪ್‌ಗಿದ್ದ ವಿಳಾಸ ಮಧ್ಯಾಹ್ನ ಇನ್ನೊಬ್ಬರದಕ್ಕೆ ಹೋಗಿರುತ್ತದೆ. ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸೇವೆಯ ಲಾಗ್‌ನಿಂದ ಯಾವ ವಿಳಾಸ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಯಾರ ಬಳಿ ಇತ್ತು ಎಂಬ ಅವಧಿ ತೆಗೆದು, ಆ ಅವಧಿಯೊಳಗೇ ಜೋಡಿಸಬೇಕು. ದಿನಾಂಕಕ್ಕೆ ದಿನಾಂಕ ಜೋಡಿಸಿದರೆ ಯಾವುದೋ ನಿರಪರಾಧಿ ಸಿಬ್ಬಂದಿಯ ಹೆಸರು ವರದಿಯಲ್ಲಿ ಬರುತ್ತದೆ. ಸರ್ಕಾರಿ ಕಚೇರಿಯಲ್ಲಿ ಅಂಥ ವರದಿ ಒಂದು ಕಡತವಾಗುತ್ತದೆ, ಕಡತ ವಿಚಾರಣೆಯಾಗುತ್ತದೆ.

ಎಣಿಕೆಯ ಬಲ ಎಷ್ಟೆಂದು ತಿಳಿಯಲು ಒಂದೇ ದಾಳಿಯನ್ನು ಹತ್ತಿರದಿಂದ ನೋಡೋಣ. ಪಾಸ್‌ವರ್ಡ್ ಸ್ಪ್ರೇ ಎಂಬುದರಲ್ಲಿ ದಾಳಿಕೋರ ಒಂದೇ ಖಾತೆಗೆ ಸಾವಿರ ಪಾಸ್‌ವರ್ಡ್ ಪ್ರಯತ್ನಿಸುವುದಿಲ್ಲ. ಎಲ್ಲರೂ ಇಡುವಂಥ ಒಂದು ಪಾಸ್‌ವರ್ಡ್ ಹಿಡಿದು ಸಾವಿರ ಖಾತೆಗಳ ಬಾಗಿಲು ತಟ್ಟುತ್ತಾನೆ. ಪ್ರತಿ ಖಾತೆಗೆ ಒಂದೇ ವೈಫಲ್ಯ, ಹಾಗಾಗಿ ಐದು ಸಲ ತಪ್ಪಿದರೆ ಖಾತೆ ಲಾಕ್ ಎಂಬ ನಿಯಮ ಮಿಸುಕಾಡುವುದೂ ಇಲ್ಲ. ಇದನ್ನು ಹಿಡಿಯಲು ವಿಂಡೋಸ್‌ನ 4625, ಅಂದರೆ ವಿಫಲ ಲಾಗಿನ್ ಘಟನೆಗಳನ್ನು ತೆಗೆದುಕೊಂಡು, ಪ್ರತಿ ಮೂಲ ವಿಳಾಸ ಒಂದು ಗಂಟೆಯಲ್ಲಿ ಎಷ್ಟು ಬೇರೆ ಬೇರೆ ಖಾತೆಗಳನ್ನು ಮುಟ್ಟಿತು ಎಂದು ಎಣಿಸಬೇಕು. ಒಟ್ಟು ವೈಫಲ್ಯಗಳ ಎಣಿಕೆ ಇಲ್ಲಿ ದಾರಿ ತಪ್ಪಿಸುತ್ತದೆ: ಪಾಸ್‌ವರ್ಡ್ ಬದಲಿಸಿದ ಮೇಲೆ ಹಳೆಯದನ್ನೇ ಹಿಡಿದು ಕುಳಿತ ಸರ್ವಿಸ್ ಖಾತೆಯೊಂದು (ಮನುಷ್ಯರಲ್ಲ, ಪ್ರೋಗ್ರಾಂ ಬಳಸುವ ಖಾತೆ) ರಾತ್ರಿಯಿಡೀ ಸಾವಿರಾರು ವೈಫಲ್ಯ ಸುರಿಸುತ್ತದೆ, ಆದರೆ ಖಾತೆ ಒಂದೇ.

ಎಡವುವ ಜಾಗಗಳೂ ಗೊತ್ತಿರುವಂಥವೇ. ಹೊರಗಿನಿಂದ ಕಚೇರಿ ಜಾಲಕ್ಕೆ ಸೇರುವವರು ಹಾದುಬರುವ ವಿಪಿಎನ್ ಗೇಟ್‌ವೇ ಹಿಂದೆ ನೂರಾರು ಜನ ಒಂದೇ ವಿಳಾಸದಲ್ಲಿ ಕಾಣುತ್ತಾರೆ. ರಜೆ ಮುಗಿದ ಮರುದಿನ ಬೆಳಿಗ್ಗೆ ಅರ್ಧ ಕಚೇರಿಗೆ ಪಾಸ್‌ವರ್ಡ್ ಮರೆತಿರುತ್ತದೆ. ದೌರ್ಬಲ್ಯಗಳನ್ನು ಹುಡುಕುವ ಭದ್ರತಾ ತಂಡದ್ದೇ ಸ್ಕ್ಯಾನರ್ ವಾರಕ್ಕೊಮ್ಮೆ ಎಲ್ಲರ ಬಾಗಿಲು ತಟ್ಟುತ್ತದೆ. ಇವಕ್ಕೆಲ್ಲ ಆ ವಿಳಾಸದ್ದೇ ಹಳೆಯ ಎಣಿಕೆಯನ್ನು ಅಳತೆಗೋಲಾಗಿ ಇಡಬೇಕು. ವಿನಾಯಿತಿ ಪಟ್ಟಿ ಮಾಡಿದರೆ ಅದರಲ್ಲಿ ಕಾರಣ, ದಿನಾಂಕ, ಮುಗಿಯುವ ಅವಧಿ ಬರೆದಿಡಬೇಕು. ‘ಬಳಕೆದಾರರೇ ಇಲ್ಲ’ ಎಂಬ ಕಾರಣ ಸಂಕೇತದ ವೈಫಲ್ಯಗಳನ್ನು ‘ಪಾಸ್‌ವರ್ಡ್ ತಪ್ಪು’ ಎಂಬವುಗಳಿಂದ ಬೇರ್ಪಡಿಸಿದರೆ ಯಾರೋ ಹೆಸರುಗಳನ್ನು ಊಹಿಸುತ್ತಿರುವುದು ತಿಳಿಯುತ್ತದೆ. ಹೊಸಬರು ಮರೆಯುವ ಇನ್ನೊಂದು ಸಂಗತಿ: ಕರ್ಬರೋಸ್ ಎಂಬ ಲಾಗಿನ್ ಪದ್ಧತಿಯ ಮೂಲಕ ಬಂದ ತಪ್ಪು ಪಾಸ್‌ವರ್ಡ್ ಡೊಮೈನ್ ಕಂಟ್ರೋಲರ್‌ನಲ್ಲಿ (ಕಚೇರಿಯ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್‌ನಲ್ಲಿ) 4771 ಎಂದು ದಾಖಲಾಗುತ್ತದೆ. 4625 ಒಂದನ್ನೇ ನೋಡುತ್ತ ಕುಳಿತರೆ ಇಡೀ ದಾಳಿ ಪಕ್ಕದ ರಸ್ತೆಯಲ್ಲಿ ಹಾದುಹೋಗಿರುತ್ತದೆ. ಕಡೆಗೆ, ಸ್ಪ್ರೇ ಮಾಡಿದ ಅದೇ ವಿಳಾಸದಿಂದ 4624, ಅಂದರೆ ಯಶಸ್ವಿ ಲಾಗಿನ್ ಒಂದಾದರೂ ಆಗಿದೆಯೇ? ಆಗಿದ್ದರೆ ಅದು ಆ ದಿನದ ಮೊದಲ ಅಲರ್ಟ್. ನಿಧಾನವಾಗಿ ತಟ್ಟುವವರಿಗಾಗಿ ಇದೇ ಲೆಕ್ಕವನ್ನು 24 ಗಂಟೆಯ ಕಿಟಕಿಯಲ್ಲೂ ಓಡಿಸಬೇಕು. ಇಷ್ಟರಲ್ಲಿ ನ್ಯೂರಲ್ ನೆಟ್‌ವರ್ಕ್ ಎಲ್ಲೂ ಬರಲಿಲ್ಲ.

ಸೋಂಕಿತ ಕಂಪ್ಯೂಟರ್ ತನ್ನನ್ನು ವಶಕ್ಕೆ ತೆಗೆದುಕೊಂಡ ದಾಳಿಕೋರನಿಗೆ ನಿಯಮಿತವಾಗಿ ಕರೆ ಮಾಡುವುದನ್ನು ಹಿಡಿಯುವಾಗಲೂ ಹೀಗೆಯೇ. ಕರೆಗಳ ನಡುವಿನ ಅಂತರ ತೆಗೆದರೆ 60 ಸೆಕೆಂಡಿನ ಆಸುಪಾಸು ತಾಳ ಕಾಣುತ್ತದೆ, ಸರಿ. ಆದರೆ ಆಂಟಿವೈರಸ್ ಅಪ್‌ಡೇಟ್, ಸಮಯ ಹೊಂದಿಸುವ ಸೇವೆ, ಹವಾಮಾನ ತೋರಿಸುವ ವಿಜೆಟ್ ಎಲ್ಲಕ್ಕೂ ತಾಳವಿದೆ. ತಾಳದ ಜತೆಗೆ ವಿರಳತೆ ಸೇರಿಸಬೇಕು: 20,000 ಯಂತ್ರಗಳಲ್ಲಿ ಮೂರು ಮಾತ್ರ ಕರೆ ಹೋಗುತ್ತಿರುವ ಆ ಇಂಟರ್ನೆಟ್ ಡೊಮೈನ್ ಜತೆ ಮಾತಾಡುತ್ತಿವೆಯೇ? ಅಲ್ಲಿಂದ ನೋಡಿ.

ಲೇಬಲ್ ಬಗ್ಗೆ ಹೇಳದಿದ್ದರೆ ಪತ್ರ ಅಪೂರ್ಣ. ಮಾಡೆಲ್‌ಗೆ ಕಲಿಸಲು ಬೇಕಾದ ‘ದಾಳಿ’, ‘ದಾಳಿಯಲ್ಲ’ ಎಂಬ ಗುರುತುಗಳು ಸಿಗುವುದು ಹಳೆಯ ಟಿಕೆಟ್‌ಗಳಲ್ಲಿ, ಅಂದರೆ ಅಲರ್ಟ್‌ಗಳಿಗಾಗಿ ಅನಲಿಸ್ಟ್‌ಗಳು ತೆರೆದು ಮುಚ್ಚುವ ದಾಖಲೆಗಳಲ್ಲಿ. ಅಲ್ಲಿ ‘ಮುಕ್ತಾಯ’ ಎಂದಿದ್ದರೆ ಪರಿಶೀಲಿಸಿ ಸುಳ್ಳೆಂದು ಕಂಡಿದ್ದೂ ಇರಬಹುದು, ಶಿಫ್ಟ್ ಮುಗಿಯುವ ಹೊತ್ತಿಗೆ ಒಟ್ಟಿಗೆ ಇನ್ನೂರು ಮುಚ್ಚಿದ್ದೂ ಇರಬಹುದು. ಎರಡನ್ನೂ ‘ದಾಳಿಯಲ್ಲ’ ಎಂದು ಓದಿಸಿದರೆ ಮಾಡೆಲ್ ಕಲಿಯುವುದು ಅನಲಿಸ್ಟ್‌ಗಳ ದಣಿವನ್ನು. ಒಂದೇ ನಿಮಿಷದಲ್ಲಿ ಗುಂಪಾಗಿ ಮುಚ್ಚಿದ ಟಿಕೆಟ್‌ಗಳನ್ನು ಬೇರೆ ತೆಗೆಯಿರಿ, ಮುಚ್ಚುವ ಫಾರ್ಮಿನಲ್ಲಿ ‘ನೋಡಿಲ್ಲ’ ಎಂಬ ಆಯ್ಕೆಯನ್ನು ಸೇರಿಸಿ. ಆ ಒಂದು ಆಯ್ಕೆಯಿಂದ ಆಗುವಷ್ಟು ಉಪಕಾರ ಹೊಸ ಸಾಫ್ಟ್‌ವೇರ್‌ನಿಂದ ಆಗದು.

ದತ್ತಾಂಶವನ್ನು ತರಬೇತಿಗೂ ಪರೀಕ್ಷೆಗೂ ಹಂಚುವಾಗ ಪಠ್ಯದಲ್ಲಿ ಹೇಳಿಕೊಟ್ಟ ಯಾದೃಚ್ಛಿಕ ಹಂಚಿಕೆ ಇಲ್ಲಿ ಕೆಲಸಕ್ಕೆ ಬಾರದು. ಒಂದೇ ದಾಳಿಯ 400 ಸಾಲುಗಳಲ್ಲಿ 320 ಇತ್ತ, 80 ಅತ್ತ ಹೋದರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿದಂತೆ. ಕಾಲದಿಂದ ಕತ್ತರಿಸಬೇಕು: ಹಿಂದಿನ ತಿಂಗಳುಗಳಿಂದ ಕಲಿತು ಮುಂದಿನ ತಿಂಗಳಿಗೆ ಉತ್ತರ ಹೇಳಲಿ. ಇನ್ನು ‘ಸಾಮಾನ್ಯ’ ನಡವಳಿಕೆ ಏನೆಂದು ಕಲಿಸುವ ಅವಧಿಯಲ್ಲೇ ದಾಳಿಕೋರ ಒಳಗಿದ್ದರೆ ಅವನೂ ಸಾಮಾನ್ಯನಾಗುತ್ತಾನೆ. ಇದು ಬರೀ ತರ್ಕವಲ್ಲ. ಜಾಲ ನಿರ್ವಹಣೆಯ ಸಾಫ್ಟ್‌ವೇರ್ ಮಾಡುವ ಸೋಲಾರ್‌ವಿಂಡ್ಸ್ ಕಂಪನಿಯ ವಿಷ ಬೆರೆತ ಅಪ್‌ಡೇಟ್ 2020ರ ಮಾರ್ಚ್‌ನಿಂದ ಸುಮಾರು 18,000 ಗ್ರಾಹಕರಿಗೆ ಹೋಗಿತ್ತು, ಅಮೆರಿಕದ ಸರ್ಕಾರಿ ಇಲಾಖೆಗಳೂ ಅದರಲ್ಲಿದ್ದವು, ಬಯಲಾದದ್ದು ಡಿಸೆಂಬರ್‌ನಲ್ಲಿ. ಆ ಕೋಡ್ ಯಂತ್ರಕ್ಕೆ ಬಂದ ಮೇಲೆ ಎರಡು ವಾರದ ತನಕ ಸುಮ್ಮನಿರುತ್ತಿತ್ತು. 90 ದಿನದ ಲಾಗ್ ಮಾತ್ರ ಉಳಿಸಿಕೊಳ್ಳುವ ಕಚೇರಿಗೆ ಮಾರ್ಚ್‌ನಲ್ಲಿ ಏನಾಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಮೇಲೆ ಡಿಸ್ಕ್ ಕೊಂಡು ಏನು ಫಲ?

ಸರ್ಕಾರಿ ಕೆಲಸಕ್ಕೇ ಅಂಟಿದ ತೊಡಕುಗಳು ಬೇರೆ. ಒಳಜಾಲಕ್ಕೆ ಇಂಟರ್ನೆಟ್ ಇರದಿದ್ದರೆ ಒಂದು ಪೈಥಾನ್ ಲೈಬ್ರರಿ ಬೇಕೆಂದಾಗ ಅದರ ಬೆನ್ನಿಗೆ ಬರುವ ಹತ್ತಾರು ಲೈಬ್ರರಿಗಳನ್ನೂ ಹೊರಗಿನಿಂದ ಇಳಿಸಿ, ಹ್ಯಾಶ್ (ದತ್ತಾಂಶದಿಂದ ಲೆಕ್ಕ ಹಾಕಿ ತೆಗೆಯುವ ಗುರುತು) ತಾಳೆ ನೋಡಿ, ತಪಾಸಣೆ ಮಾಡಿಸಿ ಒಳಗೆ ಒಯ್ಯಬೇಕು. ಹೊರಗೆ ಪೈಥಾನ್ 3.12, ಒಳಗೆ 3.9 ಇದ್ದರೆ ಎಲ್ಲ ಮುಗಿದ ಮೇಲೆ ಇನ್‌ಸ್ಟಾಲ್ ಆಗದೆ ಹೋಗಬಹುದು, ಆಗ ಅರ್ಜಿ ಮತ್ತೆ ಮೊದಲಿಂದ. ಒಳಗಿನ ಆವೃತ್ತಿಯ ಸಂಖ್ಯೆಯನ್ನು ಮೊದಲು ಬರೆದುಕೊಂಡು ಹೊರಡುವುದು ಜಾಣತನ. ಲಾಗ್‌ನ ಸಾಲೊಂದು ಅರ್ಥವಾಗದಿದ್ದಾಗ ಅದನ್ನು ಹೊರಗಿನ ಚಾಟ್ ಸೇವೆಗೆ ಅಂಟಿಸಿ ಕೇಳುವ ಚಟವನ್ನಂತೂ ಗೇಟಿನ ಹೊರಗೇ ಬಿಟ್ಟು ಬರಬೇಕು.

ಸಿಬ್ಬಂದಿಯ ಗುರುತು ಮರೆಮಾಡುವುದರಲ್ಲೂ ತಪ್ಪಾಗುತ್ತದೆ. ಐಪಿ ವಿಳಾಸಕ್ಕೆ ಬರೀ ಎಸ್‌ಎಚ್‌ಎ-256 ಹ್ಯಾಶ್ ಹಾಕಿ ‘ಗುರುತು ಅಳಿಸಿದೆ’ ಎನ್ನುತ್ತಾರೆ. ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅಷ್ಟಕ್ಕೂ ಹ್ಯಾಶ್ ತೆಗೆದು ತಾಳೆ ನೋಡುವುದು ಒಂದು ಗ್ರಾಫಿಕ್ಸ್ ಕಾರ್ಡ್‌ಗೆ ದೊಡ್ಡ ಮಾತಲ್ಲ. ರಹಸ್ಯ ಕೀಲಿ ಸೇರಿಸಿದ ಎಚ್‌ಮ್ಯಾಕ್ ಬಳಸಬೇಕು, ಕೀಲಿ ಡೇಟಾ ಸೈಂಟಿಸ್ಟ್ ಕೈಯಲ್ಲಿ ಇರಬಾರದು.

ನೇಮಕ ಮಾಡುವವರಿಗೆ ಒಂದು ಸಲಹೆ. ಸಂದರ್ಶನದಲ್ಲಿ ಮಾಡೆಲ್‌ಗಳ ಹೆಸರು ಕೇಳುವ ಬದಲು 50,000 ಸಾಲಿನ ಕಚ್ಚಾ ಲಾಗ್ ಮತ್ತು ಎರಡು ಗಂಟೆ ಕೊಡಿ. ಅದರಲ್ಲಿ ಒಂದು ಮೂಲ 20 ನಿಮಿಷ ಮೌನವಾಗಿರಲಿ, ಒಂದು ಸರ್ವರ್‌ನ ಗಡಿಯಾರ ಒಂದು ಗಂಟೆ ಹಿಂದಿರಲಿ, ಒಂದು ಪಾಸ್‌ವರ್ಡ್ ಸ್ಪ್ರೇ ಅಡಗಿರಲಿ. ಕಂಡದ್ದನ್ನು ಅರ್ಧ ಪುಟದಲ್ಲಿ, ರಾತ್ರಿ ಪಾಳಿಯ ಅನಲಿಸ್ಟ್‌ಗೆ ಅರ್ಥವಾಗುವಂತೆ ಬರೆಯಲು ಹೇಳಿ. ಲಾಗ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸಿ; ನಿಜವಾದ ಕಚೇರಿಯದನ್ನು ಅಭ್ಯರ್ಥಿಗಳ ಮುಂದೆ ಇಡಬೇಡಿ. ದಾಳಿಯ ಪ್ಯಾಕೆಟ್‌ಗಳ ಟಿಟಿಎಲ್ ಉಳಿದವುಗಳಂತೆಯೇ ಇದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

– ಓದುಗರೊಬ್ಬರು